ಬಾರದವರ ಅಂಕಿ

ಔಷಧಿಯ ಅಡ್ಡಪರಿಣಾಮ ತಿಂಗಳಿಂದ ತಿಂಗಳಿಗೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವುದು ಎರಡು ವರ್ಷ ನನ್ನ ಕೆಲಸವಾಗಿತ್ತು. ನಾನು ಸಂಖ್ಯಾಶಾಸ್ತ್ರ ಓದಿದವನು. ಸಾಮಾನ್ಯ ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಕೊಡುವ ಮಾತ್ರೆಗಳ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ರೋಗಿಗಳು ಅದರಲ್ಲಿದ್ದರು. ಆ ಮಾತ್ರೆಗಳಲ್ಲಿ ಒಂದು ರೋಗವನ್ನು ಚೆನ್ನಾಗಿಯೇ ಹಣಿಯುತ್ತದೆ. ಆದರೆ ಕೆಲವರಲ್ಲಿ ಕೈಕಾಲಿನ ನರಗಳನ್ನೂ ಹಿಡಿಯುತ್ತದೆ. ಮೊದಲು ಪಾದದಲ್ಲಿ ಜುಮುಜುಮು, ಆಮೇಲೆ ಉರಿ, ಕೊನೆಗೆ ಮುಟ್ಟಿದ್ದೂ ತಿಳಿಯದ ಜೋಮು.

ಮಾತ್ರೆಗಳನ್ನು ಆಶಾ ಕಾರ್ಯಕರ್ತೆಯರು ಮನೆಗೇ ಮುಟ್ಟಿಸುತ್ತಿದ್ದರು. ರೋಗಿಗಳು ಹದಿನೈದು ದಿನಕ್ಕೊಮ್ಮೆ ತಪಾಸಣೆಗೆ ಮಾತ್ರ ಆಸ್ಪತ್ರೆಗೆ ಬರಬೇಕಿತ್ತು. ಬಂದವರ ಜೋಮಿಗೆ ಸೊನ್ನೆಯಿಂದ ನಾಲ್ಕರವರೆಗೆ ಒಂದು ಅಂಕಿ ಬೀಳುತ್ತಿತ್ತು. ಏನೂ ಇಲ್ಲದಿದ್ದರೆ ಸೊನ್ನೆ, ದಿನದ ಕೆಲಸವೇ ಆಗದಿದ್ದರೆ ಮೂರು. ಜೀವಕ್ಕೇ ಕುತ್ತು ಎಂಬ ನಾಲ್ಕನ್ನು ಬರೆಯುವ ಪ್ರಸಂಗ ಬಾರದಿರಲಿ ಎಂದೇ ಎಲ್ಲರೂ ಬಯಸುತ್ತಿದ್ದರು.

ಅಂಕಿ ಹಾಕುತ್ತಿದ್ದವರು ಐವತ್ತು ದಾಟಿದ ಒಬ್ಬ ಆರೋಗ್ಯ ಸಂದರ್ಶಕಿ. ಅಧ್ಯಯನಕ್ಕಾಗಿ ಐದೂ ತಾಲ್ಲೂಕುಗಳನ್ನು ಬಸ್ಸಿನಲ್ಲೇ ಸುತ್ತುತ್ತಿದ್ದರು. ಅವರ ಚೀಲದಲ್ಲಿ ಟ್ಯೂನಿಂಗ್ ಫೋರ್ಕ್ ಎನ್ನುವ ಉಕ್ಕಿನ ಒಂದು ಕವಲುಕಡ್ಡಿ ಇರುತ್ತಿತ್ತು. ಅದನ್ನು ಅಂಗೈಗೆ ತಟ್ಟಿ, ನಡುಗುತ್ತಿರುವಾಗಲೇ ರೋಗಿಯ ಕಾಲಿನ ಹೆಬ್ಬೆರಳ ಮೂಳೆಯ ಮೇಲಿಟ್ಟು, ನಡುಕ ನಿಂತದ್ದು ಯಾವಾಗ ತಿಳಿಯಿತು ಎಂದು ಕೇಳುವರು. ನಾನು ಹಗರಿಬೊಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅವರ ಅಂಕಿಗಳನ್ನು ಗೆರೆಯಾಗಿಸುತ್ತಿದ್ದೆ.

ಆರು ತಿಂಗಳ ಅಂಕಿಗಳು ಕೈಗೆ ಬಂದಾಗ ಗೆರೆ ನೋಡಿ ಹಿಗ್ಗಿದೆ. ಮೂರು ತಿಂಗಳು ಏರಿ, ನಾಲ್ಕನೆಯ ತಿಂಗಳಿಂದ ಅದು ನಯವಾಗಿ ಇಳಿದಿತ್ತು. ಹಾಳೆ ಹಿಡಿದುಕೊಂಡು ಕೂಡ್ಲಿಗಿಗೆ ಹೋಗಿ, ಆಸ್ಪತ್ರೆಯ ಪಡಸಾಲೆಯಲ್ಲಿ ಅವರ ಮುಂದೆ ಹರಡಿದೆ.

"ನೋಡ್ರಿ ಸಿಸ್ಟರ್, ನಾಕನೇ ತಿಂಗಳಿಂದ ತಾನ ಇಳೀತೈತಿ. ದೇಹ ಔಷಧಿಗೆ ಹೊಂದಿಕೊಂಡಂಗ ಕಾಣ್ತೈತಿ" ಎಂದೆ.

ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಇದರಾಗ ಯಾರ್ಯಾರ ಅಂಕಿ ಅದಾವ್ರಿ?"

"ತಪಾಸಣಿಗೆ ಬಂದೋರದೆಲ್ಲಾ ಐತ್ರಿ."

"ಬರದೋರದು?"

"ಅದು ಖಾಲಿ ಐತ್ರಿ. ಬಂದೋರ ಸರಾಸರಿ ತಗೊಂಡೀನಿ."

ಅವರು ಗೆರೆ ಇಳಿಯತೊಡಗಿದ ಜಾಗದ ಮೇಲೆ ಬೆರಳಿಟ್ಟರು. "ಸರ್, ಅಂಗಾಲು ಉರಿಯೋ ಮನಷ್ಯಾ ಬಸ್ ಹತ್ತಿ ಬರ್ತಾನೇನ್ರಿ? ಇಲ್ಲಿ ಕಡಿಮಿ ಆಗಿದ್ದು ಜೋಮಲ್ಲ. ಜೋಮು ಇದ್ದ ಮಂದಿ ಬರೋದು ಕಡಿಮಿ ಆಗೈತಿ."

ಅಂಕಿ ಸಿಗದೆ ಹೋಗುವುದಕ್ಕೂ ಒಂದು ಕಾರಣವಿರುತ್ತದೆ, ಆ ಕಾರಣವೇ ನಾವು ಅಳೆಯಹೊರಟ ನೋವಾಗಿರಬಹುದು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು ನಾನು. ಆದರೂ ಹೊಳೆದಿರಲಿಲ್ಲ. ಅವರು ಮಾತ್ರ ಅದನ್ನು ನನ್ನ ತಪ್ಪೆಂದು ಹಿಡಿಯಲಿಲ್ಲ. "ನಾಳಿ ಬರ್ರಿ, ಇಬ್ರೂ ಹೋಗಿ ನೋಡೋಣು" ಎಂದರು.

ಮೊದಲು ಹೋದದ್ದು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ. ಅಲ್ಲಿ ಗೋಡೆ ಕಟ್ಟುವ ಒಬ್ಬ ಗೌಂಡಿ ಎರಡು ತಿಂಗಳಿಂದ ತಪಾಸಣೆಗೆ ಬಂದಿರಲಿಲ್ಲ. ನಮ್ಮನ್ನು ಕಂಡು ಅಂಗಳದಿಂದ ನಡೆದು ಬಂದರು. ಎಡಗಾಲಿನ ಚಪ್ಪಲಿ ನಡುವೆಯೇ ಕಳಚಿ ಬಿದ್ದಿತ್ತು. ನಮ್ಮ ಹತ್ತಿರ ಬಂದು ನಿಂತ ಮೇಲೂ ಅದು ಅವರಿಗೆ ಗೊತ್ತಿರಲಿಲ್ಲ. ಕವಲುಕಡ್ಡಿಯನ್ನು ಹೆಬ್ಬೆರಳಿಗೆ ಇಟ್ಟರೆ, "ಏನೂ ಗೊತ್ತಾಗವಲ್ದ್ರಿ" ಎಂದರು. ನನ್ನ ಕಾಗದದಲ್ಲಿ ಖಾಲಿಯಿದ್ದ ಆ ಚೌಕದಲ್ಲಿ ಸಿಸ್ಟರ್ ಮೂರು ಬರೆದರು.

ಮರುದಿನ ಹಡಗಲಿಗೆ ಹೋದೆವು. ಅಲ್ಲಿ ಒಬ್ಬಾಕೆ ಮನೆಯಲ್ಲೇ ಕೂತು ಮಲ್ಲಿಗೆ ಮಾಲೆ ಕಟ್ಟುತ್ತಿದ್ದಳು. ಅವಳು ಒಂದೂ ತಪಾಸಣೆ ತಪ್ಪಿಸಿದವಳಲ್ಲ, ಹೋದಾಗಲೆಲ್ಲ ಒಂದು ಎಂದೇ ಬರೆಸಿಕೊಂಡವಳು. ಅವಳ ಮನೆಗೆ ಯಾಕೆಂದು ನಾನು ಕೇಳಿದ್ದಕ್ಕೆ ಸಿಸ್ಟರ್, "ಆಸ್ಪತ್ರ್ಯಾಗ ಹೇಳೋದು ಬ್ಯಾರೆ, ಮನ್ಯಾಗ ಕಾಣೋದು ಬ್ಯಾರೆ" ಎಂದಿದ್ದರು.

"ಹೆಂಗದಿ ತಂಗಿ?"

"ಆರಾಮ ಅದೀನ್ರಿ ಅಕ್ಕಾರ. ಸ್ವಲ್ಪ ಜುಮು ಅಂತಾವು, ಅಷ್ಟ."

ಸಿಸ್ಟರ್ ಅವಳ ಪಕ್ಕ ಚಾಪೆಯ ಮೇಲೆ ಕೂತರು. ತಾವೂ ನಾಲ್ಕು ಮೊಗ್ಗು ಕೈಗೆತ್ತಿಕೊಂಡು ಊರಿನ ಸುದ್ದಿ ಮಾತಾಡಿದರು. ಸ್ವಲ್ಪ ಹೊತ್ತಿಗೆ, "ಈಗ ಕಣ್ ಮುಚ್ಚಿ ಒಂದೀಟು ಕಟ್ಟು, ನೋಡೋಣ" ಎಂದರು.

ಹುಟ್ಟಿದಾಗಿನಿಂದ ಹೂವಿನ ನಡುವೆ ಬೆಳೆದವಳು. ಕಣ್ಣು ಮುಚ್ಚಿದ ಕೂಡಲೆ ಅವಳ ಬೆರಳುಗಳು ದಾರ ಹುಡುಕತೊಡಗಿದವು. ಮೊಗ್ಗುಗಳು ಗಂಟಿಗೆ ಸಿಗದೆ ಒಂದೊಂದಾಗಿ ಮಡಿಲಿಗೆ ಉದುರಿದವು. ಅಷ್ಟು ದಿನ ಅವಳು ಕಟ್ಟುತ್ತಿದ್ದುದು ಬೆರಳ ಸ್ಪರ್ಶದಿಂದಲ್ಲ, ಬರೀ ಕಣ್ಣಿನಿಂದ. ಅವಳು ಕಣ್ಣು ತೆರೆದು ಮಡಿಲು ನೋಡಿಕೊಂಡಳು.

"ಯಾಕ ಹೇಳಲಿಲ್ಲ?" ಸಿಸ್ಟರ್ ಮೆಲ್ಲಗೆ ಕೇಳಿದರು.

"ಹೇಳಿದ್ರ ಮಾತ್ರಿ ನಿಲ್ಲಸ್ತೀರಿ. ಹಿಂದ ಒಮ್ಮಿ ನಡುವ ಬಿಟ್ಟು ಜಡ್ಡು ತಿರುಗಿ ಬಂತು. ನನಗ ಬೆರಳಿಗಿಂತ ಉಸಿರು ಬೇಕ್ರಿ ಅಕ್ಕಾರ."

"ನಿಲ್ಲಸೋದಿಲ್ಲ. ಪ್ರಮಾಣ ಇಳಿಸೋಕ ಬರ್ತೈತಿ, ಅದನ್ನ ಡಾಕ್ಟ್ರು ನೋಡ್ತಾರ. ಆದ್ರ ನೀ ಖರೇ ಹೇಳಿದ್ರ ಮಾತ್ರ."

ಅದೇ ವಾರ ವೈದ್ಯರು ಇಬ್ಬರನ್ನೂ ಪರೀಕ್ಷಿಸಿ ಆ ಒಂದು ಮಾತ್ರೆಯ ಪ್ರಮಾಣ ಕಡಿಮೆ ಮಾಡಿದರು. ಉಳಿದ ಮಾತ್ರೆಗಳು ಹಾಗೇ ನಡೆದವು.

ನಾನು ನನ್ನ ಲೆಕ್ಕವನ್ನು ಬುಡದಿಂದ ಕಿತ್ತು ಮತ್ತೆ ಕಟ್ಟಿದೆ. ಎಲ್ಲರನ್ನೂ ಒಂದು ಸರಾಸರಿಯಲ್ಲಿ ಕಲಸುವುದನ್ನು ಬಿಟ್ಟು ಪ್ರತಿಯೊಬ್ಬರಿಗೂ ಅವರದೇ ಗೆರೆ ಕೊಟ್ಟೆ. ತಪಾಸಣೆಗೆ ಬಾರದಿರುವುದನ್ನೂ ನೋವಿನ ಒಂದು ಸುಳಿವೆಂದು ಸೇರಿಸಿದೆ. ಒಂದರಿಂದ ಎರಡಕ್ಕೆ ಇರುವಷ್ಟೇ ದೂರ ಎರಡರಿಂದ ಮೂರಕ್ಕೂ ಇದೆ ಎಂದು ಮೊದಲು ಹಿಡಿದಿದ್ದೆ. ಅದನ್ನೂ ತೆಗೆದೆ. ಆ ಕೊನೆಯದನ್ನು ಹೇಳಿಕೊಟ್ಟವರು ಸಿಸ್ಟರೇ. "ಎರಡು ಇದ್ದೋನು ಕುಂಟಕೊಂತ ಕೆಲಸಕ್ಕ ಹೋಗ್ತಾನ. ಮೂರು ಇದ್ದೋನು ಮನ್ಯಾಗ ಕುಂದರ್ತಾನ" ಎಂದು ಬಸ್ಸಿನಲ್ಲಿ ಹೇಳಿದ್ದರು. ಹೊಸ ಗೆರೆ ನಾಲ್ಕನೆಯ ತಿಂಗಳಲ್ಲಿ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಮೊದಲ ಎರಡು ತಿಂಗಳಲ್ಲೇ ಜುಮು ಕಾಣಿಸಿಕೊಂಡವರಲ್ಲಿ ಏರಿಕೆ ಹೆಚ್ಚು ಕಡಿದಾಗಿತ್ತು.

ಇದನ್ನು ತೋರಿಸಿದಾಗ ಅವರು ಹೊಗಳಲಿಲ್ಲ. "ಹಂಗಾದ್ರ ಈ ವಾರ ಯಾರ ಮನಿಗೆ ಮೊದಲು ಹೋಗ್ಲಿ?" ಎಂದು ಕೇಳಿದರು. ಅಂದಿನಿಂದ ಪ್ರತಿ ಸೋಮವಾರ ನನ್ನ ಲೆಕ್ಕದಿಂದ ಹೆಸರುಗಳ ಒಂದು ಪಟ್ಟಿ ಅವರಿಗೆ ಹೋಗುತ್ತಿತ್ತು. ಶನಿವಾರ ಅದು ಅವರ ಅಕ್ಷರ ತುಂಬಿಕೊಂಡು ವಾಪಸು ಬರುತ್ತಿತ್ತು. ಕೊಟ್ಟೂರಿನ ಒಬ್ಬರ ಬಗ್ಗೆ ನಾನು ಅಪಾಯವೆಂದು ಸೂಚಿಸಿದ್ದಾಗ, "ಇವರು ಚಲೋ ಅದಾರ, ಮಗಳ ಮದಿವಿಗೆ ಹೋಗಿ ತಪಾಸಣಿ ತಪ್ಪಿಸ್ಯಾರ" ಎಂದು ಬರೆದಿದ್ದರು. ಅದನ್ನೂ ಲೆಕ್ಕಕ್ಕೆ ಸೇರಿಸಿದೆ. ಅಷ್ಟು ಜನರ ನಡಿಗೆ, ಮಾತು, ಮೌನ ಎಲ್ಲವನ್ನೂ ಅವರೊಬ್ಬರೇ ತಲೆಯಲ್ಲಿ ಹೇಗೆ ಇಟ್ಟುಕೊಂಡಿದ್ದರೋ, ನನಗೆ ಇಂದಿಗೂ ಬೆರಗು.

ಹಡಗಲಿಯಾಕೆ ಚಿಕಿತ್ಸೆ ಪೂರೈಸಿ ಗುಣವಾದಳು. ಕೈಬೆರಳಿನ ಸ್ಪರ್ಶ ಬಹುಪಾಲು ತಿರುಗಿ ಬಂತು, ಕಾಲಿನದು ಪೂರ್ತಿ ಬರಲಿಲ್ಲ. ಗೌಂಡಿಗೆ ಕ್ಷಯ ವಾಸಿಯಾಯಿತು, ಪಾದ ಸುಧಾರಿಸಲಿಲ್ಲ. ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕಿಕೊಂಡು, ಅಟ್ಟಣಿಗೆ ಏರದೆ ನೆಲದ ಕೆಲಸ ಮಾತ್ರ ಹಿಡಿಯುತ್ತಾರೆ. ಇನ್ನೆರಡು ತಿಂಗಳು ಮೊದಲೇ ಅವರ ಮನೆಗೆ ಹೋಗಿದ್ದರೆ ಎಂದು ಸಿಸ್ಟರ್ ಆಗಾಗ ಅನ್ನುತ್ತಿದ್ದರು.

ವರದಿ ಬರೆದು ಮುಗಿಸಿದಾಗ, ಅದರ ಕನ್ನಡ ಸಾರಾಂಶವನ್ನು ಅವರಿಗೆ ಓದಲು ಕೊಟ್ಟೆ. ಹರಪನಹಳ್ಳಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಸಾವಧಾನವಾಗಿ ಓದಿದರು. ತಮ್ಮನ್ನು ಕುರಿತು ನಾನು ಬರೆದಿದ್ದ ಸಾಲುಗಳನ್ನು ನಿಲ್ಲದೆ ದಾಟಿದರು. 'ಕೆಲವು ರೋಗಿಗಳು ತಪಾಸಣೆ ತಪ್ಪಿಸಿಕೊಂಡರು' ಎಂಬಲ್ಲಿ ತಡೆದು, ಪೆನ್ನು ಕೇಳಿ ಪಡೆದು ಕೊನೆಯ ಮೂರು ಪದಗಳನ್ನು ಹೊಡೆದರು. ಮೇಲೆ ದುಂಡಗೆ ಬರೆದರು: 'ರೋಗಿಗಳಿಗೆ ತಪಾಸಣೆಗೆ ಬರಲಾಗಲಿಲ್ಲ.'

ವರದಿಯಲ್ಲಿ ಆ ಸಾಲು ಹಾಗೆಯೇ ಅಚ್ಚಾಯಿತು.