ಮಗಳ ಈಜಿಗೆ ನನ್ನ ಸಹಿ

ಈಜುಕೊಳದ ಕಿಟಕಿಯ ಹಿಂದಿದ್ದ ಹೆಣ್ಣುಮಗಳು ಒಂದು ಕಾಗದ ಸರಿಸಿದಳು. ‘ನಾನು ಜೊತೆಗಿಲ್ಲದಿದ್ದರೂ ನನ್ನ ಮಗಳು ಇಲ್ಲಿ ಈಜಲು ಒಪ್ಪಿದ್ದೇನೆ’ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೊಂದು ಖಾಲಿ ಗೆರೆ. ಕಚೇರಿಯಲ್ಲಿ ದಿನವಿಡೀ ಊರವರ ಅರ್ಜಿಗಳಿಗೆ ಸಹಿ ಗೀಚುವವಳು ನಾನು. ಆ ಗೆರೆಯ ಮೇಲೆ ಮಾತ್ರ ಪೆನ್ನು ನಿಂತುಬಿಟ್ಟಿತು. ಒಳಗಿನಿಂದ ಕ್ಲೋರಿನ್ ವಾಸನೆ ತೇಲಿ ಬರುತ್ತಿತ್ತು.

“ಹದಿಮೂರು ತುಂಬ್ಯಾವಲ್ರೀ ಮೇಡಂ. ಒಳಗ ಕಾಯೋರು ಇರ್ತಾರ, ಹಾಕ್ರಿ,” ಎಂದಳು ಆಕೆ.

ಮಗಳು ಭೂಮಿಕಾ ನನ್ನ ಸೆರಗು ಜಗ್ಗಿದಳು. “ನನ್ನ ಗೆಳತ್ಯಾರೆಲ್ಲ ತಾವೇ ಬರ್ತಾರ ಮಮ್ಮಿ. ನೀ ಬಂದು ಕಟ್ಟಿ ಮ್ಯಾಲ ಕುಂತ್ರ ನನಗ ನಾಚಿಕಿ ಆಗತದ.”

“ವಿಚಾರ ಮಾಡತೀನಿ,” ಎಂದು ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡೆ. ವಿಚಾರ ಮಾಡಲು ಕುಳಿತರೆ ನೆನಪಾದವಳು ಬಸಮ್ಮತ್ತೆ, ನಮ್ಮಪ್ಪನ ಅಕ್ಕ.

ಅತ್ತೆಯ ಮನೆ ದೇವದುರ್ಗದಲ್ಲಿ. ಬೇಸಿಗೆ ರಜೆಗೆ ನಮ್ಮೂರು ಮಾನ್ವಿಯಿಂದ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಅವಳ ಹೊಲದ ಬಾವಿಯಲ್ಲಿ ನಾನು ಈಜು ಕಲಿತದ್ದು. ಮಾಮನ ಹಳೆಯ ಅಂಗಿ, ಪೈಜಾಮ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕಪ್ಪೆಯೂ ನಗುವಂತೆ ಕೈಕಾಲು ಬಡಿಯುತ್ತಿದ್ದೆ. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ಕುಳಿತ ಅತ್ತೆಯ ಕೈಯಲ್ಲಿ. ನನಗೆ ಹದಿಮೂರಾದ ವರ್ಷ ಅವಳು ಹಗ್ಗ ಬಿಚ್ಚಿ, ನನಗೆ ಬೆನ್ನು ಮಾಡಿ ಕುಳಿತಳು.

“ಅತ್ತಿ, ಈ ಕಡಿ ನೋಡು!” ಎಂದು ಚೀರಿದೆ.

“ನಾ ನೋಡಿದ್ರ ನೀ ನನ್ನ ಮಾರಿ ನೋಡತಿ. ನೀರು ನೋಡಂಗಿಲ್ಲ. ಸುಮ್ಮನ ಈಜು.”

ಸಿಟ್ಟಿನಲ್ಲೇ ಆಚೆ ಗೋಡೆ ಮುಟ್ಟಿ ಬಂದೆ. ಅಂಥ ಹೆಮ್ಮೆ ಆಮೇಲೆ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಬರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಕಣ್ಣುಮುಚ್ಚಿ ಸಹಿ ಹಾಕಬಹುದಿತ್ತು. ಆದರೆ ಆ ಹೆಮ್ಮೆಯನ್ನು ಮಾನ್ವಿಗೆ ಹೊತ್ತು ತಂದೆನಲ್ಲ! ಪಕ್ಕದ ಮನೆಯ ಶಾಹೀನಾ ನನ್ನ ಜೀವದ ಗೆಳತಿ. ಅವಳಿಗೆ ಈಜು ಬಾರದು. ನನ್ನ ಪ್ರತಾಪ ತೋರಿಸಲು ಒಂದು ಮಧ್ಯಾಹ್ನ, ಯಾರಿಗೂ ಹೇಳದೆ, ಅವಳನ್ನು ಊರಾಚೆಯ ಕಾಲುವೆಗೆ ಕರೆದೊಯ್ದೆ. ದಡದ ಹತ್ತಿರವೇ ಎರಡು ಸಲ ಈಜಿ ತೋರಿಸಿದೆ. ಅಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದ ಶಾಹೀನಾ ಎದ್ದು ನಿಂತಳು. ಪಾಚಿಗಟ್ಟಿದ ಸಿಮೆಂಟಿನ ಇಳಿಜಾರು. ಕಾಲು ಜಾರಿತು.

ಬಾವಿಯ ನೀರು ನಿಂತಿರುತ್ತದೆ, ಕಾಲುವೆಯದು ಎಳೆಯುತ್ತದೆ. ಅದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಹೇಗೋ ಅವಳ ಜಡೆ ನನ್ನ ಕೈಗೆ ಸಿಕ್ಕಿತು. ಇಬ್ಬರೂ ತೇಲುತ್ತಾ ಮುಳುಗುತ್ತಾ, ಬಟ್ಟೆ ಒಗೆಯುವ ಮೆಟ್ಟಿಲಿಗೆ ಹೋಗಿ ಬಡಿದೆವು. ಕುಡಿದ ನೀರೆಲ್ಲ ಕಾರಿಕೊಂಡ ಮೇಲೆ ಶಾಹೀನಾ ಆಡಿದ ಮೊದಲ ಮಾತು: “ಅಮ್ಮಿಗೆ ಹೇಳಬ್ಯಾಡಲೇ.” ಬಿಸಿಲಿಗೆ ಬಟ್ಟೆ ಒಣಗಿಸಿಕೊಂಡು ಮನೆಗೆ ಹೋದೆವು.

ಈಗ ನೀವೇ ಹೇಳಿ. ನನಗೆ ಈಜು ಬರುತ್ತಿದ್ದರಿಂದ ಅವಳು ಉಳಿದಳು. ನನಗೆ ಈಜು ಬರುತ್ತಿದ್ದರಿಂದಲೇ ಅವಳು ಅಲ್ಲಿಗೆ ಬಂದಿದ್ದಳು. ಅತ್ತೆ ಬೆನ್ನು ಮಾಡಿ ಕುಳಿತದ್ದು ಸರಿಯೋ ತಪ್ಪೋ? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಬುಧವಾರ ಸಂಜೆ ಇದೆಲ್ಲವನ್ನೂ ಭೂಮಿಕಾಳಿಗೆ ಹೇಳಿದೆ. ಹೆದರಲಿ ಎಂದೇ ಹೇಳಿದ್ದು. ಅವಳು ಹೆದರಲಿಲ್ಲ.

“ಅಜ್ಜಿಗೆ ಹೇಳಿದ್ಯಾ?”

“ಇಲ್ಲ.”

“ಇನ್ನೂ?”

“ಇನ್ನೂ ಇಲ್ಲ.”

“ಮತ್ತ ನಾನು ಮಾತ್ರ ಎಲ್ಲಾ ನಿನಗ ಹೇಳಬೇಕು,” ಎಂದು ಎದ್ದು ಹೋದಳು.

ಈ ಭಾನುವಾರ ಸಹಿ ಹಾಕಿದೆ. ಧೈರ್ಯದಿಂದಲ್ಲ, ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವಳು ಟವೆಲ್ ಹೆಗಲಿಗೆ ಹಾಕಿಕೊಂಡು, ತಿರುಗಿಯೂ ನೋಡದೆ ಒಳಗೆ ಹೋದಳು. ನಾನು ಗೇಟಿನ ಬಳಿಯ ಬೇವಿನ ನೆರಳಲ್ಲಿ ಸ್ಕೂಟಿಗೆ ಒರಗಿ, ಮಾನ್ವಿಯಲ್ಲಿರುವ ಅವ್ವನಿಗೆ ಫೋನು ಹಚ್ಚಿದೆ.

“ಯವ್ವಾ, ಸಣ್ಣಾಕಿದ್ದಾಗಿಂದು ಒಂದು ಮಾತು ಹೇಳಬೇಕಿತ್ತು. ನಾನೂ ಶಾಹೀನಾ ಕೆನಾಲಿಗೆ...”

“ಗೊತ್ತದ ಬಿಡು,” ಎಂದಳು ಅವ್ವ. “ಆಕಿ ಅಮ್ಮಿ ಮರುದಿನಾನೇ ಬಂದು ಹೇಳಿದ್ರು. ಇಬ್ಬರೂ ಅಡಗಿಮನ್ಯಾಗ ಕುಂತು ಅತ್ತಿವಿ.”

ಒರಗಿದ್ದವಳು ನೆಟ್ಟಗೆ ನಿಂತೆ. “ಗೊತ್ತಿದ್ದೂ ಒಂದು ಮಾತು ಬೈಲಿಲ್ಲಲ್ಲ?”



“ಹೋಗಿದ್ದಕ್ಕ ಬೈಬೇಕೋ, ಆಕಿನ್ನ ಎಳಕೊಂಡು ಬಂದಿದ್ದಕ್ಕ ಶಾಬಾಸ್ ಅನ್ನಬೇಕೋ... ನನಗೂ ತಿಳೀಲಿಲ್ಲ ಮಗಳ. ಅದಕ್ಕ ಸುಮ್ಮನಾದೆ.”

ಫೋನು ಇಟ್ಟೆ. ಗೋಡೆಯಾಚೆ ಮಕ್ಕಳ ಕೇಕೆ, ನೀರು ಬಡಿಯುವ ಸದ್ದು. ಅದರಲ್ಲಿ ನನ್ನ ಮಗಳದು ಯಾವುದೆಂದು ಕಿವಿಗೊಟ್ಟು ಕೇಳಿದೆ. ಗೊತ್ತಾಗಲಿಲ್ಲ. ಇನ್ನಷ್ಟು ಹೊತ್ತು ನಿಂತೆ. ಆಮೇಲೆ ಸ್ಕೂಟಿ ಚಾಲೂ ಮಾಡಿದೆ.