ರಂಗಮ್ಮನ ಮನೆಯಿದ್ದ ರಸ್ತೆ

ಬೋಡಿನಾಯಕನೂರಿನ ಪೇಟೆ ರಸ್ತೆಗೆ ಇವತ್ತು ಡಾಂಬರು ಹಾಕುತ್ತಿದ್ದರು. ಅದನ್ನು ನೋಡಿ ಮುತ್ತಜ್ಜಿ ನೆನಪಾದಳು.

ಚಿಕ್ಕವಳಿದ್ದಾಗ ಅವಳ ಕೈಹಿಡಿದು ಅಲ್ಲಿ ನಡೆಯುತ್ತಿದ್ದೆ. ಒಂದು ಕಡೆ ಮಾತ್ರ ಅವಳು ನನ್ನನ್ನು ಅಂಚಿಗೆ ಎಳೆದುಕೊಂಡು ಸುತ್ತಿ ಹೋಗುತ್ತಿದ್ದಳು.

"ತುಳೀಬ್ಯಾಡ ನನ್ ಕಣ್ಣು, ಇದು ರಂಗಮ್ಮನ ಅಡಿಗೆಮನೆ."

ರಂಗಮ್ಮ ಮುತ್ತಜ್ಜಿಗಿದ್ದ ಒಬ್ಬಳೇ ಗೆಳತಿ. ಇಬ್ಬರೂ ಹುಡುಗಿಯರಾಗಿದ್ದಾಗ, ಬ್ರಿಟಿಷರ ಕಾಲದಲ್ಲಿ, ಬೆಟ್ಟದಿಂದಿಳಿಯುವ ಏಲಕ್ಕಿ ಗಾಡಿಗಳಿಗೆಂದು ಈ ರಸ್ತೆ ಮಾಡಿದರಂತೆ. ಅದಕ್ಕಾಗಿ ರಂಗಮ್ಮನ ಮನೆ ಕೆಡವಿದರು. ಅವಳೂ ಅವಳ ಮನೆಯವರೂ ಕಂಬಂ ಊರಿನ ಕಡೆ ಹೊರಟುಹೋದರು.

"ಆಮೇಲೆ ಅವ್ಳು ಬರ್ಲೇ ಇಲ್ವಾ ಅಜ್ಜಿ?" ಎಂದು ಕೇಳಿದ್ದೆ.

"ಇಲ್ಲ ಕಣ್ಣು. ಬಂದ್ರೆ ಮನೆ ಎಲ್ಲಿತ್ತು ಅಂತ ಯಾರನ್ನ ಕೇಳ್ತಾಳೆ? ಅದಕ್ಕೇ ನಾ ಗುರ್ತು ಇಟ್ಕೊಂಡಿವ್ನಿ."

ಮುತ್ತಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಆ ಜಾಗ ಈಗ ನನಗೊಬ್ಬಳಿಗೇ ಗೊತ್ತು.