ಪುಷ್ಪಕ್ಕನ ಅರ್ಧ ಮಾತು, ಮಾರ್ತಾಳ ಪೂರ್ತಿ ಅಪರಾಧ

ಕಳೆದ ಸೋಮವಾರ ಬೆಳಿಗ್ಗೆ ನೆರೆಮನೆಯ ಪುಷ್ಪಕ್ಕ ಬಂದು ನನ್ನನ್ನು ಸಮಾ ಬೈದರು. ಟಿವಿಯಲ್ಲಿ ಅವರ ಸ್ವರದಲ್ಲಿ ನಾನು ಮಾತಾಡಿದ್ದೇನಂತೆ.

ನಾನು ಮಾತಾಡಿರಲಿಲ್ಲ. ಆದರೆ ಬಾಯಿ ತುಂಬ ಪೇಸ್ಟ್ ಇತ್ತು. ಹಾಗೆಂದು ಹೇಳಲಿಕ್ಕೂ ಆಗಲಿಲ್ಲ.

ಅವರ ಸಂಶಯಕ್ಕೆ ಕಾರಣ ಇಲ್ಲದೆ ಇಲ್ಲ. ನಾನು ಮಿಮಿಕ್ರಿಯವನು. (ಅದೂ ಒಂದು ಕೆಲಸವಾ ಎಂದು ಕೇಳಬೇಡಿ. ಅದನ್ನು ಕೇಳಲು ಮನೆಯಲ್ಲಿ ಅಪ್ಪ ಇದ್ದಾರೆ.) ನಮ್ಮ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಕುಂಬಳೆ ಬಸ್ಸಿನ ಕಂಡಕ್ಟರ್, ಪಂಚಾಯತು ಮೆಂಬರ್, ರಾತ್ರಿ ಒಂಬತ್ತರ ನ್ಯೂಸ್ ಆ್ಯಂಕರ್, ಎಲ್ಲರ ಸ್ವರ ತೆಗೆದು ಕೊನೆಗೆ ಪುಷ್ಪಕ್ಕನ ಸ್ವರ ತೆಗೆಯುತ್ತೇನೆ. ಅವರು ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಮರುದಿನ ಕರೆದು, ನನ್ನ ಸ್ವರ ಅಷ್ಟು ಕೀರಲಾ ಎಂದು ವಿಚಾರಿಸುತ್ತಾರೆ. ಹೌದು ಎನ್ನಲು ನನಗೆ ಇಲ್ಲಿಯ ತನಕ ಧೈರ್ಯ ಬಂದಿಲ್ಲ.

ಪುಷ್ಪಕ್ಕ ನರ್ಸ್. ಹೊರದೇಶದ ಒಂದು ಆಸ್ಪತ್ರೆಯಲ್ಲಿದ್ದರು. ಕಳೆದ ವರ್ಷ ಅಲ್ಲಿ ಯುದ್ಧ ಜೋರಾದಾಗ ಉಳಿದ ನರ್ಸ್‌ಗಳೊಟ್ಟಿಗೆ ಒಂದು ಬಸ್ಸಿನಲ್ಲಿ ಗಡಿ ದಾಟಿ, ಹೇಗೋ ಊರು ಸೇರಿದರು. ಯಾವ ದೇಶ ಎಂದು ಬರೆಯಬೇಡ ಎಂದಿದ್ದಾರೆ. ಯುದ್ಧ ನಿಂತರೆ ಅಲ್ಲಿಗೇ ಪುನಃ ವೀಸಾ ಬೇಕಲ್ಲ?

ಬಾಯಿ ತೊಳೆದು ಬಂದೆ. ಮೊಬೈಲಿನಲ್ಲಿ ಆ ವಿಡಿಯೋ ಹಾಕಿ ತೋರಿಸಿದರು.

ಸಂಗತಿ ಇಷ್ಟು. ಆ ದೇಶದಲ್ಲಿ ಮಾರ್ತಾ ಎಂಬ ವಿದೇಶಿ ಹೆಂಗಸನ್ನು ಸರಕಾರದ ಸೈನಿಕರು ಹಿಡಿದು ಕೂರಿಸಿದ್ದಾರೆ. ಯುದ್ಧದ ನಡುವೆ ಸಿಕ್ಕಿಬಿದ್ದ ಜನರೊಟ್ಟಿಗೆ ಇರುತ್ತೇವೆ ಎಂದು ಕೈಯಿಂದ ದುಡ್ಡು ಹಾಕಿಕೊಂಡು ಹೋಗುವ ಒಂದು ಗುಂಪಿನವಳು. ನಮ್ಮ ಒಂದು ಕನ್ನಡ ಚಾನೆಲಿಗೆ ಅವಳು ಯಾರೆಂದು ಆಗಲೇ ಗೊತ್ತಾಗಿದೆ. ಸಮಾಜಸೇವೆಯ ವೇಷದ ಉಗ್ರರ ಏಜೆಂಟ್. ಮುಖದ ಸುತ್ತ ಕೆಂಪು ವೃತ್ತ, ಹಿಂದಿನಿಂದ ಢಂ ಢಂ ಶಬ್ದ. ಆಮೇಲೆ ನಮ್ಮ ಪುಷ್ಪಕ್ಕ, ಅವರದ್ದೇ ಮನೆಯ ಜಗಲಿಯಲ್ಲಿ, ಒಳ್ಳೆಯ ಸೀರೆ ಉಟ್ಟುಕೊಂಡು.

"ಅವಳು ದಿನಾ ಬಂದೂಕಿನವರ ಹತ್ರ ಹೋಗಿ ಮಾತಾಡ್ತಿದ್ಲು."

ಅಷ್ಟೇ. ಕೆಳಗೆ ದೊಡ್ಡ ಅಕ್ಷರದಲ್ಲಿ, ಕಣ್ಣಾರೆ ಕಂಡ ನರ್ಸ್ ಬಿಚ್ಚಿಟ್ಟ ಸತ್ಯ.

ತಾನು ಹೀಗೆ ಹೇಳಿಯೇ ಇಲ್ಲ ಎಂಬುದು ಪುಷ್ಪಕ್ಕನ ವಾದ. ತಾನು ಹೇಳದೆ ಇದ್ದದ್ದು ತನ್ನ ಸ್ವರದಲ್ಲಿ ಬರಬೇಕಾದರೆ ಈ ಊರಿನಲ್ಲಿ ನಾನಲ್ಲದೆ ಬೇರೆ ಯಾರು ಇದ್ದಾರೆ? ತರ್ಕ ಸರಿ ಉಂಟು. ನಮ್ಮ ಚಾನೆಲ್‌ಗಳ ತರ್ಕಕ್ಕಿಂತ ಎಷ್ಟೋ ವಾಸಿ.

"ಪುಷ್ಪಕ್ಕ, ಅದರಲ್ಲಿ ನಿಮ್ಮ ಬಾಯಿ ಸಹ ಅಲ್ಲಾಡ್ತಾ ಉಂಟು. ಬಾಯಿಯನ್ನೂ ನಾನೇ ಮಾಡಿದ್ದಾ?"

ಅವರು ಜಗಲಿಯ ಮೇಲೆ ಕೂತರು. ನಾನು ಕಣ್ಣು ಮುಚ್ಚಿ ಆ ವಾಕ್ಯವನ್ನು ಪುನಃ ಪುನಃ ಕೇಳಿದೆ.

ಮಿಮಿಕ್ರಿಯ ಒಂದು ಗುಟ್ಟು ಹೇಳುತ್ತೇನೆ, ನನ್ನ ಹೊಟ್ಟೆಗೆ ಹೊಡೆಯಬೇಡಿ. ಒಬ್ಬರ ಮಾತಿನ ಆರಂಭವನ್ನು ಯಾರು ಬೇಕಾದರೂ ಅನುಕರಿಸಬಹುದು. ಕಷ್ಟ ಇರುವುದು ಬಾಲದಲ್ಲಿ. ಸ್ವರ ಎಲ್ಲಿ ಇಳಿಯುತ್ತದೆ, ಉಸಿರು ಎಲ್ಲಿ ಬಿಡುತ್ತಾರೆ, ಅದು ಸಿಕ್ಕಿದರೆ ಆ ಮನುಷ್ಯ ಸಿಕ್ಕಿದ. ಪುಷ್ಪಕ್ಕ ಮನೆಯಲ್ಲಿ ತುಳು ಮಾತಾಡುವವರು. ಕನ್ನಡ ಮಾತಾಡಿದರೆ ಪ್ರತಿ ವಾಕ್ಯದ ಕೊನೆಗೂ ಒಂದು 'ಆಯ್ತಾ' ಬಿದ್ದೇ ಬೀಳುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಹತ್ತಿ ಒತ್ತಿದ ಹಾಗೆ. ನಾನು ಅವರನ್ನು ಅನುಕರಿಸುವಾಗ ಸಭೆ ನಗುವುದೇ ಅದಕ್ಕೆ.

ಟಿವಿಯಲ್ಲಿ ಬಂದ ವಾಕ್ಯಕ್ಕೆ 'ಆಯ್ತಾ' ಇರಲಿಲ್ಲ. ಸ್ವರವೂ ಇಳಿದಿರಲಿಲ್ಲ. ಮೆಟ್ಟಿಲು ಇಳಿಯಲು ಎತ್ತಿದ ಕಾಲು ಗಾಳಿಯಲ್ಲೇ ನಿಂತಿತ್ತು.

ಇದರ ಮುಂದೆ ಎಂತ ಹೇಳಿದ್ರಿ ಎಂದು ಕೇಳಿದೆ. ಪುಷ್ಪಕ್ಕನಿಗೆ ಕೂಡಲೇ ನೆನಪಾಯಿತು.

"ಅವಳು ದಿನಾ ಬಂದೂಕಿನವರ ಹತ್ರ ಹೋಗಿ ಮಾತಾಡ್ತಿದ್ಲು, ಆ ಕಡೆಯವರ ಹತ್ರವೂ ಈ ಕಡೆಯವರ ಹತ್ರವೂ, ನಮ್ಮ ಆಂಬುಲೆನ್ಸನ್ನು ಬಿಡಿ ಅಂತ, ಆಯ್ತಾ."

ನಮ್ಮ ಕಡೆ ಹೀಗೆಯೇ ಅಲ್ಲವೇ ಮಾತಾಡುವುದು? ಮೊದಲು ಕ್ರಿಯೆ, ಆಮೇಲೆ ನಿಧಾನಕ್ಕೆ ಕಾರಣ. 'ಅವನು ಬಾವಿಗೆ ಹಾರಿದ, ಕರುವನ್ನು ಎತ್ತಲಿಕ್ಕೆ.' ಮೊದಲರ್ಧ ಮಾತ್ರ ಪ್ರಸಾರ ಮಾಡಿದರೆ ಆತ್ಮಹತ್ಯೆಯ ಕೇಸು.

ಅರ್ಧ ಮಾತು ಹೋದರೆ ಹೋಗಲಿ ಎಂದು ಬಿಡುವ ಹಾಗಿರಲಿಲ್ಲ. ಆ ತುಣುಕಿಗೆ ಯಾರೋ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಲೋಕವಿಡೀ ಹಂಚಿದ್ದರು. ಹಿಂದಿನ ರಾತ್ರಿ ಮಾರ್ತಾಳ ತಂಗಿಯಿಂದ ಪುಷ್ಪಕ್ಕನಿಗೆ ಒಂದು ಮೆಸೇಜ್ ಬಂದಿತ್ತು. ಬೈಗಳಿಲ್ಲ, ಜೋರಿಲ್ಲ. ನೀವು ನಿಜವಾಗಿ ಹೀಗೆ ಹೇಳಿದಿರಾ? ಅಕ್ಕನ ವಿಚಾರಣೆಗೆ ಮೊದಲು ನಮ್ಮ ವಕೀಲರಿಗೆ ಗೊತ್ತಾಗಬೇಕು. ಅಷ್ಟೇ. ಬಸ್ಸಿನಲ್ಲಿ ಒಟ್ಟಿಗೆ ಬಂದ ನರ್ಸ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬೇಕಾದಷ್ಟು ಜೋರಿತ್ತು. ಉಂಡ ಮನೆಯ ಜಂತಿ ಎಣಿಸಿದವಳು ಎಂಬ ಅರ್ಥದ ಮಾತನ್ನು ಮಲಯಾಳದಲ್ಲಿ ಬರೆದಿದ್ದರು.

ಪುಷ್ಪಕ್ಕ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ನನ್ನ ತಪ್ಪೇ ಆಗಿದ್ದರೆ ಅವರಿಗೆ ಎಷ್ಟು ಸುಲಭವಿತ್ತು. ನನಗೆ ನಾಲ್ಕು ಬಿಟ್ಟು ಮುಗಿಸುತ್ತಿದ್ದರು.

ಕಾಸರಗೋಡಿನಂಥ ಗಡಿ ಜಿಲ್ಲೆಯಲ್ಲಿರುವುದರ ಒಂದು ಲಾಭವೆಂದರೆ ನಮಗೆ ಎರಡು ಭಾಷೆಯ ಸುಳ್ಳೂ ಅರ್ಥವಾಗುತ್ತದೆ. ಅಂದು ಬೆಳಿಗ್ಗೆ ಟಿವಿ ಹಾಕಿದೆ. ಕನ್ನಡದಲ್ಲಿ ಮಾರ್ತಾ ಏಜೆಂಟ್. ರಿಮೋಟ್ ಒತ್ತಿದರೆ ಮಲಯಾಳದಲ್ಲಿ ಅವಳೇ 'ಮಾಲಾಖ', ಅಂದರೆ ದೇವದೂತೆ. ಪಿಟೀಲು ಅಳುತ್ತಾ ಉಂಟು. ಏಜೆಂಟಿಗೂ ದೇವದೂತೆಗೂ ಫೋಟೋ ಮಾತ್ರ ಒಂದೇ. ಎರಡೂ ಕಡೆ ಇಲ್ಲದೆ ಇದ್ದದ್ದೂ ಒಂದೇ, ಅವಳ ಸ್ವರ. ಅವಳ ಬಗ್ಗೆ ಆ್ಯಂಕರ್ ಮಾತಾಡಿದ, ನಿವೃತ್ತ ಅಧಿಕಾರಿ ಮಾತಾಡಿದ, ಒಬ್ಬ ಜ್ಯೋತಿಷಿಯೂ ಮಾತಾಡಿದ. ಅವಳು ಮಾತಾಡಿದ್ದನ್ನು ಯಾರೂ ತೋರಿಸಲಿಲ್ಲ. ನಾಳೆ ಯಾರಾದರೂ ಮಾರ್ತಾಳ ಸ್ವರ ತೆಗಿ ಎಂದರೆ ನಾನು ಎಲ್ಲಿಂದ ತರಲಿ?

ಪುಷ್ಪಕ್ಕನನ್ನು ಶೂಟ್ ಮಾಡಿದವನು ಅಶ್ರಫ್. ಕುಂಬಳೆಯಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ ವಿಡಿಯೋ ಹೊಟ್ಟೆಗೆ, ಚಾನೆಲಿಗೆ ಸುದ್ದಿ ಕಳಿಸುವುದು ಗತ್ತಿಗೆ. ನನ್ನ ಕ್ಲಾಸ್‌ಮೇಟ್. ಪುಷ್ಪಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ನಮ್ಮಿಬ್ಬರನ್ನು ಕಂಡದ್ದೇ ಅವನು ಕುರ್ಚಿ ಒರೆಸಲು ಶುರು ಮಾಡಿದ. ವಿಷಯ ಅವನಿಗೂ ಗೊತ್ತಿತ್ತು.

"ನಾನು ಪೂರಾ ಕಳ್ಸಿದ್ದೆ ಅಕ್ಕ, ಅಲ್ಲಾಹನ ಆಣೆ. ಕತ್ತರಿ ಬೆಂಗಳೂರಿನಲ್ಲಿ ಇರುವುದು."

ಪೂರಾ ಇರುವುದನ್ನು ಕೊಡು ಎಂದೆ. ಮೆಮೊರಿ ಕಾರ್ಡ್ ಖಾಲಿ ಮಾಡಿಯಾಗಿತ್ತು. ಪುಷ್ಪಕ್ಕ ಇದ್ದ ಜಾಗದಲ್ಲಿ ಈಗ ಮೊಗ್ರಾಲಿನ ಒಬ್ಬ ಮದುಮಗ ಬಿರಿಯಾನಿ ತಿನ್ನುತ್ತಿದ್ದ.

ಆಗ ನನ್ನ ತಲೆಗೆ ಒಂದು ದೊಡ್ಡ ಉಪಾಯ ಹೊಳೆಯಿತು. (ನನ್ನ ದೊಡ್ಡ ಉಪಾಯಗಳ ಬಗ್ಗೆ ಹಳೆಯ ಓದುಗರಿಗೆ ಗೊತ್ತು.) ಚಾನೆಲಿನ ಡೆಸ್ಕಿಗೆ ಫೋನ್ ಮಾಡಿ, ಅವರದ್ದೇ ರಾತ್ರಿ ಒಂಬತ್ತರ ಆ್ಯಂಕರನ ಗಂಟಲಿನಲ್ಲಿ, ಆ ಕಾಸರಗೋಡು ನರ್ಸಿನ ಟೇಪು ಪೂರ್ತಿ ಅಶ್ರಫಿಗೆ ವಾಪಸ್ ಕಳಿಸಿ ಎಂದು ಗುಡುಗಿದೆ. ರಾತ್ರಿ ಕಿರುಚುವವರು ಹಗಲು ಮಲಗಿರುತ್ತಾರೆ ಎಂದು ನನ್ನ ಅಂದಾಜು. ಆಚೆ ಕಡೆಯ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ: "ಸರ್, ನೀವು ಈಗ ನನ್ನ ಎದುರು ಟಿವಿಯಲ್ಲಿ ಲೈವ್ ಇದ್ದೀರಿ."

ಫೋನ್ ಇಟ್ಟೆ. ಅಷ್ಟು ಹೊತ್ತಿನಲ್ಲಿ ಪುಷ್ಪಕ್ಕ ಮೊದಲ ಸಲ ನಕ್ಕರು.

ನಕ್ಕು ಮುಗಿಸಿ ಅವರೇ ದಾರಿ ಹೇಳಿದರು. ಹೋದದ್ದು ಹೋಯಿತು, ಇನ್ನೊಮ್ಮೆ ಹೇಳುತ್ತೇನೆ. ಆದರೆ ಆ ಚಾನೆಲಿನ ಹೆಸರಿರುವ ಡಬ್ಬಿ ಮೈಕಿನಲ್ಲಿ ಇರಬಾರದು. ನಾನು ನಿಲ್ಲಿಸುವ ತನಕ ಅಶ್ರಫ್ ನಿಲ್ಲಿಸಬಾರದು. ಅಶ್ರಫ್ ಮೈಕಿನಿಂದ ಡಬ್ಬಿ ಕಿತ್ತು ಡ್ರಾವರಿನೊಳಗೆ ಹಾಕಿದ. ಅದು ಹೊರಗೆ ಗೊತ್ತಾದರೆ ಅವನ ಗತ್ತು ಅಂದಿಗೇ ಮುಗಿಯುತ್ತಿತ್ತು. ಮದುಮಕ್ಕಳನ್ನು ಕೂರಿಸುವ ಕೆಂಪು ಕುರ್ಚಿಯಲ್ಲಿ ಪುಷ್ಪಕ್ಕನನ್ನು ಕೂರಿಸಿದೆವು.

ಮಾರ್ತಾ ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವಳಂತೆ. ಅವಳ ಕೆಲಸ ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ ಕೂರುವುದು. ಬೇರೆ ಎಂತದ್ದೂ ಇಲ್ಲ. ಚೆಕ್‌ಪೋಸ್ಟ್ ಬಂದರೆ ಪಾಸ್‌ಪೋರ್ಟನ್ನು ಗಾಜಿಗೆ ಒತ್ತಿ ಹಿಡಿಯುವುದು. ಬಿಳಿ ಮುಖ ಕಂಡರೆ ಬಂದೂಕಿನವನು ಒಂದು ಕ್ಷಣ ಯೋಚಿಸುತ್ತಾನೆ. ನಮ್ಮ ಮುಖಕ್ಕೆ, ಆ ಊರಿನವರ ಮುಖಕ್ಕೆ ಆ ಒಂದು ಕ್ಷಣ ಇಲ್ಲ. ಮಾರ್ತಾ ಬರುವ ಮೊದಲು ಹೊರಟ ಒಬ್ಬ ಡ್ರೈವರ್ ಆಸ್ಪತ್ರೆಗೆ ವಾಪಸ್ ಬಂದಿರಲಿಲ್ಲ.

ಸರಕಾರದವರದ್ದು, ಉಗ್ರರದ್ದು, ಎರಡು ಪಾರ್ಟಿಯ ಚೆಕ್‌ಪೋಸ್ಟ್‌ಗಳೂ ಇದ್ದವು. ತಲಪಾಡಿ ಗಡಿಯಲ್ಲಿ ಕೋಳಿಯ ಲಾರಿ ನಿಲ್ಲಿಸಿದ ಹಾಗೆ ಇಬ್ಬರೂ ನಿಲ್ಲಿಸುತ್ತಿದ್ದರು. ಇಬ್ಬರ ಹತ್ತಿರವೂ ಮಾರ್ತಾ ಇಳಿದು ಹೋಗಿ ಜಗಳ ಮಾಡುತ್ತಿದ್ದಳು. ಆಕ್ಸಿಜನ್ ಸಿಲಿಂಡರಿಗೆ ಒಮ್ಮೆ, ಬಸುರಿ ಹೆಂಗಸಿಗೆ ಒಮ್ಮೆ. ಕೊನೆಗೆ ನರ್ಸ್‌ಗಳ ಬಸ್ಸಿನಲ್ಲಿಯೂ ಮುಂದಿನ ಸೀಟು ಅವಳದ್ದೇ. ಗಡಿಯಲ್ಲಿ ಇವರನ್ನು ಇಳಿಸಿ, ಅದೇ ಬಸ್ಸಿನಲ್ಲಿ ವಾಪಸ್ ಹೋದಳು.

ಪುಷ್ಪಕ್ಕ ಅವಳನ್ನು ದೇವದೂತೆಯೂ ಮಾಡಲಿಲ್ಲ. ಸಿಡುಕಿ. ಬೀಡಿಯ ಹಾಗೆ ಸಿಗರೇಟ್ ಸೇದುತ್ತಿದ್ದಳು. ಪುಷ್ಪಕ್ಕ ಅಷ್ಟು ಕಷ್ಟದಲ್ಲಿ ಮಾಡಿದ ಮೀನುಸಾರಿಗೆ ಖಾರ ಎಂದು ನೀರು ಹಾಕಿ ಕಲಸಿದವಳು. (ಇದನ್ನು ಹೇಳುವಾಗ ಮಾತ್ರ ಸ್ವರದಲ್ಲಿ ನಿಜವಾದ ಸಿಟ್ಟಿತ್ತು.)

ನನಗೆ ಇಂಥ ಗುಂಪಿನವರ ಬಗ್ಗೆ ಹೆಚ್ಚು ಗೊತ್ತಿಲ್ಲ. ಅವರಲ್ಲಿ ಪೆದ್ದರೂ ಇರಬಹುದು, ಫೋಟೋಕ್ಕೆ ಬಂದವರೂ ಇರಬಹುದು, ಕಳ್ಳರೂ ಇರಬಹುದು. ಇದ್ದರೆ ತೋರಿಸಲಿ. ಕೆಂಪು ವೃತ್ತ ಪುರಾವೆಯಾ? ಢಂ ಢಂ ಶಬ್ದ ಪುರಾವೆಯಾ?

ಅವಳಿಗೆ ಅಲ್ಲಿ ಎಂತ ಕೆಲಸ ಎಂದು ಚಾನೆಲಿನವರು ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಯಾರು ಯಾರಿಗೆ ಕೇಳುವುದು? ಇಲ್ಲಿ ಒಬ್ಬನಾದರೂ ಹೊರದೇಶಕ್ಕೆ ಹೋಗದ ಮನೆ ಹುಡುಕಬೇಕು. ಪುಷ್ಪಕ್ಕನೂ ಅದೇ ಊರಿಗೆ ಹೋಗಿದ್ದರು, ಯಾಕೆ ಹೋದಿರಿ ಎಂದು ಯಾರೂ ಕೇಳಲಿಲ್ಲ. ಸಂಬಳಕ್ಕೆ ಹೋದರೆ ಗೌರವ, ಸಂಬಳ ಇಲ್ಲದೆ ಹೋದರೆ ಸಂಶಯ. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟನಾಶಕದ ವಿಷ ಹೊಡೆದ ಕಾಲದಲ್ಲಿ, ಅದರಿಂದ ಕಾಯಿಲೆ ಬಿದ್ದ ನಮ್ಮ ಮಕ್ಕಳನ್ನು ನೋಡಲು ಹೊರಗಿನಿಂದ ಬಂದವರಿಗೂ ಇವರಿಗೆಲ್ಲ ಎಲ್ಲಿಂದ ದುಡ್ಡು ಬರುತ್ತದೆ ಎಂದು ಕೇಳಿದವರಿದ್ದರು. ವಿಷ ಎಲ್ಲಿಂದ ಬಂತೆಂದು ಕೇಳುವುದಕ್ಕಿಂತ ಅದು ಸುಲಭ.

ವಿಡಿಯೋ ಕತ್ತರಿಸದೆ ಮಾರ್ತಾಳ ತಂಗಿಗೆ ಹೋಯಿತು. ಅಶ್ರಫನ ತಂಗಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಯುವವಳು, ಅವಳು ಕೂತು ಮಾತು ಮಾತಿಗೂ ಸಬ್‌ಟೈಟಲ್ ಹಾಕಿದಳು. ಗ್ರೂಪಿಗೂ ಹೋಯಿತು. ಬೈದ ನರ್ಸ್‌ಗಳು ಸಾಲಾಗಿ ಕೈಮುಗಿದ ಚಿತ್ರ ಹಾಕಿದರು, ಇಬ್ಬರು ತಾವೂ ಹೀಗೆ ಕೂತು ಹೇಳುತ್ತೇವೆ ಎಂದರು. ಗುರುವಾರ ಮಾರ್ತಾಳ ತಂಗಿಯ ಉತ್ತರ ಬಂತು. ವಕೀಲರು ವಿಡಿಯೋ ತೆಗೆದುಕೊಂಡಿದ್ದಾರೆ, ವಿಚಾರಣೆ ಮಾತ್ರ ಮುಂದೆ ಹೋಗಿದೆ. ಕೊನೆಗೆ ಒಂದು ಸಾಲು: ಆ ಊರಿನಲ್ಲಿ ತನಗೆ ಹೆದರಿಕೆಯಾದದ್ದು ನಿಮ್ಮ ಮೀನುಸಾರಿಗೆ ಮಾತ್ರ ಎಂದು ಸೆರೆಯಾಗುವ ಮೊದಲು ಅಕ್ಕ ಬರೆದಿದ್ದಳು.

ಪುಷ್ಪಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಶ್ರಫ್ ಧೈರ್ಯ ಮಾಡಿ ಅದೇ ವಿಡಿಯೋವನ್ನು ಚಾನೆಲಿಗೂ ಕಳಿಸಿದ. ಮೊದಲಿನದ್ದು ತಪ್ಪಾಗಿದೆ, ಇದನ್ನು ಹಾಕಿ ಎಂದು ಬರೆದ. ಹೆಚ್ಚು ಕಾಯಿಸಲಿಲ್ಲ ಅವರು. ಆ ಸ್ಟೋರಿ ಮುಗಿಯಿತು, ಥ್ಯಾಂಕ್ಸ್, ಬದಿಯಡ್ಕದ ಹತ್ತಿರ ಚಿರತೆಯ ಹೆಜ್ಜೆ ಕಂಡಿದೆಯಂತೆ, ಅರ್ಜೆಂಟ್ ವಿಶುವಲ್ಸ್ ಬೇಕು. ಅಶ್ರಫ್ ಹೋಗಿ ನೋಡಿದ. ನಾಯಿಯ ಹೆಜ್ಜೆ. ಹಾಗೆ ಹೇಳಿದರೆ, ಪರವಾಗಿಲ್ಲ ಕಳಿಸಿ ಎಂದರಂತೆ.

ಮಾರ್ತಾ ಇನ್ನೂ ಬೀಗದ ಒಳಗೇ ಇದ್ದಾಳೆ. ಹಾಗಾದರೆ ಮುಗಿದದ್ದು ಯಾರ ಸ್ಟೋರಿ ಮಾರಾಯ್ರೆ?